9 ಎಂಎಂ, .40, .45: ಒದೆತವನ್ನೂ ಗುರಿಯನ್ನೂ ನೀವೇ ಅಳೆದು ನೋಡುವುದು ಹೇಗೆ?

ಅಮೆರಿಕದ ಯಾವುದಾದರೂ ಶೂಟಿಂಗ್ ರೇಂಜ್‌ಗೆ ಹೋಗಿ, ಕೌಂಟರಿನಲ್ಲಿ ನಿಂತು "9 ಎಂಎಂ ಒಳ್ಳೆಯದೋ, .45 ಒಳ್ಳೆಯದೋ" ಎಂದು ಕೇಳಿ ನೋಡಿ. ಪಕ್ಕದಲ್ಲಿದ್ದವರೂ ಸೇರಿಕೊಳ್ಳುತ್ತಾರೆ. .45 ಅಂದರೆ ಮಣಿಕಟ್ಟು ನೋಯುತ್ತದೆ ಎಂದು ಒಬ್ಬರು ಹೇಳಿದರೆ, ಅಯ್ಯೋ ಅದಕ್ಕಿಂತ .40 ಕೆಟ್ಟದು ಎಂದು ಇನ್ನೊಬ್ಬರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಅವರು ಹೇಳುತ್ತಿರುವುದು ತಾವು ಹಿಡಿದ ಒಂದು ಗನ್, ಅದಕ್ಕೆ ಹಾಕಿದ ಒಂದು ಬಗೆಯ ತೋಟೆಯ ಕಥೆ.

ಕ್ಯಾಲಿಬರ್ ಅಂದರೆ ಮೂಲತಃ ಗುಂಡಿನ ದಪ್ಪ, ಅಷ್ಟೇ. .380 ಎಸಿಪಿ, 9 ಎಂಎಂ, .38 ಸ್ಪೆಷಲ್, .357 ಮ್ಯಾಗ್ನಮ್, ಈ ನಾಲ್ಕೂ ತೋಟೆಗಳ ಗುಂಡಿನ ದಪ್ಪ ಹೆಚ್ಚುಕಡಿಮೆ ಒಂದೇ. ಮೊದಲೆರಡರದ್ದು .355 ಇಂಚು, ಕೊನೆಯ ಎರಡರದ್ದು .357 ಅಥವಾ .358 ಇಂಚು. ಆದರೂ ಮೊದಲನೆಯದಕ್ಕಿಂತ ಕೊನೆಯದರ ಒದೆತ, ಅಂದರೆ ಗುಂಡು ಹಾರಿದಾಗ ಗನ್ ಕೈಯನ್ನು ಹಿಂದಕ್ಕೆ ತಳ್ಳುವ ಬಲ, ಎರಡು ಪಟ್ಟಿಗೂ ಜಾಸ್ತಿ. ಹಾಗಾಗಿ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಸ್ವಲ್ಪ ಲೆಕ್ಕ ಹಾಕಿ, ಆಮೇಲೆ ಕೈಯಲ್ಲಿ ಹಿಡಿದು ಅಳೆದು ನೋಡಿ. ಅದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗನ್ ಮುಟ್ಟುವ ಮೊದಲು: ನಿಮ್ಮ ವೀಸಾ ಯಾವುದು?

ಅಮೆರಿಕದಲ್ಲಿರುವ ನಮ್ಮವರಲ್ಲಿ ಹಲವರಿಗೆ ಈ ವಿಷಯ ಗೊತ್ತಿರುವುದಿಲ್ಲ. ಎಚ್-1ಬಿ, ಎಲ್-1, ಎಫ್-1, ಪ್ರವಾಸಿ ವೀಸಾ, ಇವೆಲ್ಲ ನಾನ್-ಇಮಿಗ್ರಂಟ್ ವೀಸಾಗಳು. ಇವುಗಳ ಮೇಲೆ ಬಂದವರು ಗನ್ ಆಗಲಿ ತೋಟೆಯಾಗಲಿ ಇಟ್ಟುಕೊಳ್ಳುವಂತಿಲ್ಲ ಎಂದು ಅಲ್ಲಿನ ಫೆಡರಲ್ ಕಾನೂನು ಹೇಳುತ್ತದೆ. ರೇಂಜ್‌ನಲ್ಲಿ ಒಂದು ಗಂಟೆಗೆ ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿದರೂ ಅದು ಇಟ್ಟುಕೊಂಡಂತೆಯೇ. ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಅದರಲ್ಲಿ ಮುಖ್ಯವಾದದ್ದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ, ಎಲ್ಲರಿಗೂ ಇರುವ ಉಳಿದ ಫೆಡರಲ್ ಕಾನೂನು ಮತ್ತು ಆಯಾ ರಾಜ್ಯದ ಕಾನೂನು ಅನ್ವಯಿಸುತ್ತದೆ. "ಎಲ್ಲರೂ ಹೋಗ್ತಾರೆ, ಯಾರೂ ಕೇಳಲ್ಲ" ಎಂದು ಗೆಳೆಯರು ಹೇಳಬಹುದು. ವೀಸಾದ ಮೇಲೆ ಬದುಕು ನಿಂತಿರುವವರು ಆ ಮಾತು ನಂಬಿಕೊಂಡು ಹೋಗಬಾರದು. ಅನುಮಾನವಿದ್ದರೆ ವಕೀಲರನ್ನು ಕೇಳಿ.

ಮೊದಲ ಹೆಜ್ಜೆ: ತೋಟೆಯ ಡಬ್ಬಿ ಓದಿ

ಡಬ್ಬಿಯ ಮೇಲೆ ಮೂರು ವಿಷಯ ನೋಡಿ. ಕ್ಯಾಲಿಬರ್, ಗುಂಡಿನ ತೂಕ, ವೇಗ. ತೂಕ ಗ್ರೇನ್‌ನಲ್ಲಿರುತ್ತದೆ. ಒಂದು ಗ್ರೇನ್ ಅಂದರೆ 0.0648 ಗ್ರಾಂ. 9 ಎಂಎಂನಲ್ಲಿ 115, 124, 147 ಗ್ರೇನ್ ಸಾಮಾನ್ಯ. .40ರಲ್ಲಿ 165 ಮತ್ತು 180. .45 ಎಸಿಪಿಯಲ್ಲಿ 230. ವೇಗ ಸೆಕೆಂಡಿಗೆ ಎಷ್ಟು ಅಡಿ ಅನ್ನುವ ಲೆಕ್ಕದಲ್ಲಿರುತ್ತದೆ. ಡಬ್ಬಿಯಲ್ಲಿ ಇಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಕಂಪನಿಯವರು ಪರೀಕ್ಷೆಗೆ ಬಳಸಿದ ನಳಿಗೆ ನಿಮ್ಮದಕ್ಕಿಂತ ಉದ್ದವಿದ್ದರೆ ನಿಮ್ಮ ಗನ್‌ನಲ್ಲಿ ಅಷ್ಟು ವೇಗ ಬರುವುದಿಲ್ಲ. ಗುಂಡಿನ ವೇಗ ಅಳೆಯುವ ಯಂತ್ರ ಕ್ರೊನೋಗ್ರಾಫ್ ಇದ್ದವರು ನೀವೇ ಅಳೆದ ವೇಗ ಹಾಕಿಕೊಳ್ಳಿ.

ಹೆಸರಿನ ಮುಂದೆ "ಪ್ಲಸ್ ಪಿ" ಎಂದಿದ್ದರೆ ಅದು ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟೆ. ಅಮೆರಿಕದ ಶಸ್ತ್ರ ಮತ್ತು ತೋಟೆ ತಯಾರಕರ ಸಂಸ್ಥೆ ಸಾಮಿ 9 ಎಂಎಂಗೆ ಇಟ್ಟಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 35,000 ಪೌಂಡ್. ಪ್ಲಸ್ ಪಿ ಆದರೆ 38,500. .45 ಎಸಿಪಿಗೆ ಬರೀ 21,000. ಒದೆತ ಜಾಸ್ತಿ ಎಂದು ಹೆಸರಾದ .45ರ ಒತ್ತಡ 9 ಎಂಎಂಗಿಂತ ಎಷ್ಟೋ ಕಡಿಮೆ. ಅಂದರೆ ಒತ್ತಡ ನೋಡಿ ಒದೆತ ಊಹಿಸಲು ಬರುವುದಿಲ್ಲ. ಹಳೆಯ ಗನ್‌ಗೆ ಪ್ಲಸ್ ಪಿ ತೋಟೆ ಹಾಕಲೇಬೇಡಿ. ಹೊಸ ಗನ್ ಆದರೂ ಕೈಪಿಡಿ ನೋಡಿಯೇ ಹಾಕಿ.

ಎರಡನೇ ಹೆಜ್ಜೆ: ಸುಲಭದ ಲೆಕ್ಕ

ಪ್ರಾಕ್ಟಿಕಲ್ ಶೂಟಿಂಗ್ ಸ್ಪರ್ಧೆಗಳಲ್ಲಿ ಪವರ್ ಫ್ಯಾಕ್ಟರ್ ಎಂಬ ಅಳತೆ ಇದೆ. ಗ್ರೇನ್ ತೂಕವನ್ನು ವೇಗದಿಂದ ಗುಣಿಸಿ, 1000ದಿಂದ ಭಾಗಿಸಿದರೆ ಆಯಿತು. ಅಮೆರಿಕದ ಪ್ರಾಕ್ಟಿಕಲ್ ಶೂಟಿಂಗ್ ಸಂಘ ಯುಎಸ್‌ಪಿಎಸ್‌ಎ ಸ್ಪರ್ಧೆಯಲ್ಲಿ ಕನಿಷ್ಠ 125 ಇದ್ದರೆ ಮೈನರ್ ವರ್ಗ, ಕನಿಷ್ಠ 165 ಇದ್ದರೆ ಮೇಜರ್ ವರ್ಗ. ಗುಂಡು ಎಷ್ಟು ಜೋರಾಗಿ ಮುಂದೆ ಹೋಗುತ್ತದೋ ಗನ್ ಅಷ್ಟೇ ಜೋರಾಗಿ ಹಿಂದೆ ಬರಬೇಕಲ್ಲ, ಹಾಗಾಗಿ ಒದೆತ ಹೋಲಿಸಲು ಇದು ಒಳ್ಳೆಯ ಮೊದಲ ಅಂದಾಜು. ಮಾಮೂಲಿ ಕಾರ್ಖಾನೆ ತೋಟೆಗಳ ಲೆಕ್ಕ ಹೀಗೆ ಬರುತ್ತದೆ:

.22 ಲಾಂಗ್ ರೈಫಲ್, 40 ಗ್ರೇನ್, ಪಿಸ್ತೂಲಿನಿಂದ ಸುಮಾರು 950 ಅಡಿ: 38
.380 ಎಸಿಪಿ, 95 ಗ್ರೇನ್, 955 ಅಡಿ: 91
.38 ಸ್ಪೆಷಲ್, 158 ಗ್ರೇನ್, 755 ಅಡಿ: 119
9 ಎಂಎಂ, 115 ಗ್ರೇನ್, 1150 ಅಡಿ: 132
9 ಎಂಎಂ, 124 ಗ್ರೇನ್, 1150 ಅಡಿ: 143
9 ಎಂಎಂ, 147 ಗ್ರೇನ್, 990 ಅಡಿ: 146
.40 ಎಸ್ ಆ್ಯಂಡ್ ಡಬ್ಲ್ಯು, 180 ಗ್ರೇನ್, 1000 ಅಡಿ: 180
.45 ಎಸಿಪಿ, 230 ಗ್ರೇನ್, 830 ಅಡಿ: 191
.357 ಮ್ಯಾಗ್ನಮ್, 158 ಗ್ರೇನ್, 1235 ಅಡಿ: 195

ಕಂಪನಿಯಿಂದ ಕಂಪನಿಗೆ ಈ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. .40 ಮತ್ತು .45ರ ನಡುವೆ ಎಷ್ಟು ಕಡಿಮೆ ಅಂತರ ಇದೆ ಗಮನಿಸಿ. .40 ಹುಟ್ಟಿದ್ದೇ ರಾಜಿಯಿಂದ. 1986ರಲ್ಲಿ ಮಯಾಮಿಯಲ್ಲಿ ಎಫ್‌ಬಿಐ ಏಜೆಂಟರಿಗೂ ಇಬ್ಬರು ದರೋಡೆಕೋರರಿಗೂ ಗುಂಡಿನ ಕಾಳಗ ನಡೆಯಿತು. ಇಬ್ಬರು ಏಜೆಂಟರು ಸತ್ತರು. 9 ಎಂಎಂ ಸಾಲದು ಎಂದು ಎಫ್‌ಬಿಐ 10 ಎಂಎಂ ಕಡೆ ತಿರುಗಿತು. ಅದು ಪೂರ್ತಿ ಬಲದಲ್ಲಿ ಕೈಗೆ ಜಾಸ್ತಿಯಾಯಿತು, ಮದ್ದು ಕಡಿಮೆ ಮಾಡಿದರು. ಮದ್ದು ಕಡಿಮೆಯಾದ ಮೇಲೆ ಅಷ್ಟು ಉದ್ದದ ತೋಟೆ ಯಾಕೆ ಎಂದು ಅದನ್ನೂ ಗಿಡ್ಡ ಮಾಡಿದರು. 1990ರಲ್ಲಿ ಬಂದ .40 ಅದೇ. ಮುಂದೆ 2014ರಲ್ಲಿ ಎಫ್‌ಬಿಐ ತರಬೇತಿ ವಿಭಾಗವೇ 9 ಎಂಎಂ ಪರವಾಗಿ ಬರೆಯಿತು. ಹೊಸ ಗುಂಡುಗಳು ಸುಧಾರಿಸಿವೆ, ಹೆಚ್ಚಿನವರು 9 ಎಂಎಂನಲ್ಲಿ ಬೇಗನೂ ಹೊಡೆಯುತ್ತಾರೆ, ಗುರಿಯೂ ಚೆನ್ನಾಗಿರುತ್ತದೆ ಅನ್ನುವುದು ಅವರ ವಾದ. ಒದೆತಕ್ಕೂ ಗುರಿಗೂ ಇರುವ ನಂಟನ್ನು ಒಂದು ಇಲಾಖೆ ಇಷ್ಟು ದುಡ್ಡು ಸುರಿದು ಕಲಿಯಬೇಕಾಯಿತು ನೋಡಿ.

ಮೂರನೇ ಹೆಜ್ಜೆ: ಗನ್ ತೂಕವನ್ನು ಸೇರಿಸಿ

ಇಲ್ಲಿಯೇ ಹೆಚ್ಚಿನವರು ಎಡವುವುದು. ಅದೇ ತೋಟೆ ಹಗುರ ಗನ್‌ನಲ್ಲಿ ಒಂದು ಥರ, ಭಾರದ ಗನ್‌ನಲ್ಲಿ ಇನ್ನೊಂದು ಥರ. ಲೆಕ್ಕ ಕಷ್ಟವೇನಿಲ್ಲ, ಹೈಸ್ಕೂಲಿನ ಭೌತಶಾಸ್ತ್ರ ಸಾಕು.

ಗುಂಡಿನ ತೂಕವನ್ನು ಕಿಲೋಗೆ, ವೇಗವನ್ನು ಮೀಟರಿಗೆ ಬದಲಿಸಿ ಗುಣಿಸಿ. ಅದಕ್ಕೆ ಮದ್ದಿನ ಅನಿಲದ ಪಾಲು ಸೇರಿಸಿ. ಉರಿದ ಮದ್ದು ಕೂಡ ನಳಿಗೆಯಿಂದ ಹೊರಗೆ ಹಾರುತ್ತದೆ, ಅದೂ ಒದೆಯುತ್ತದೆ. ಹ್ಯಾಂಡ್‌ಗನ್‌ಗಳಲ್ಲಿ ಅನಿಲದ ವೇಗವನ್ನು ಗುಂಡಿನ ವೇಗದ ಒಂದೂವರೆ ಪಟ್ಟು ಎಂದು ಹಿಡಿಯುವುದು ಸಾಮಿಯ ಪದ್ಧತಿ. ಆ ವೇಗವನ್ನು ಮದ್ದಿನ ತೂಕದಿಂದ ಗುಣಿಸಿದರೆ ಅನಿಲದ ಪಾಲು. ಎರಡನ್ನೂ ಕೂಡಿಸಿ ಬಂದದ್ದನ್ನು ಅದರಿಂದಲೇ ಗುಣಿಸಿ, ಗನ್ ತೂಕದ ಎರಡರಷ್ಟರಿಂದ ಭಾಗಿಸಿ. ಉತ್ತರ ಜೂಲ್‌ನಲ್ಲಿ ಬರುತ್ತದೆ.

ಒಂದು ಉದಾಹರಣೆ. 9 ಎಂಎಂ, 124 ಗ್ರೇನ್ ಅಂದರೆ 8.04 ಗ್ರಾಂ. 1150 ಅಡಿ ಅಂದರೆ 350 ಮೀಟರ್. ಗುಣಿಸಿದರೆ 2.81. ಮದ್ದು ಸುಮಾರು 5 ಗ್ರೇನ್, ಅದರ ಪಾಲು 0.17. ಒಟ್ಟು 2.98. ತೋಟೆ ತುಂಬಿದ ದೊಡ್ಡ ಪಾಲಿಮರ್ ಪಿಸ್ತೂಲಿನ ತೂಕ 0.9 ಕಿಲೋ ಎಂದುಕೊಳ್ಳಿ. ಉತ್ತರ ಸುಮಾರು 5 ಜೂಲ್. ಮದ್ದಿನ ತೂಕ ಇಲ್ಲಿ ಅಂದಾಜು ಲೆಕ್ಕಕ್ಕೆ ಮಾತ್ರ. ತೋಟೆ ತುಂಬಿಸುವ ಅಳತೆ ಎಂದು ಯಾರೂ ತಿಳಿಯಬೇಡಿ.

ಈಗ ಅದೇ 9 ಎಂಎಂ ತೋಟೆಯನ್ನು 0.55 ಕಿಲೋ ತೂಗುವ ಸಣ್ಣ ಪಿಸ್ತೂಲಿಗೆ ಹಾಕಿ. ನಳಿಗೆ ಗಿಡ್ಡ, ವೇಗ ಸ್ವಲ್ಪ ಕಡಿಮೆ. ಅದನ್ನು ಕಳೆದರೂ ಸುಮಾರು 7 ಜೂಲ್ ಬರುತ್ತದೆ. ಇನ್ನೊಂದು ಕಡೆ .45 ಎಸಿಪಿಯನ್ನು 1911 ಎಂಬ ಮಾದರಿಯ ಉಕ್ಕಿನ ಪಿಸ್ತೂಲಿನಲ್ಲಿ ಲೆಕ್ಕ ಹಾಕಿ. ತುಂಬಿದ ತೂಕ ಸುಮಾರು 1.25 ಕಿಲೋ. ಉತ್ತರ ಸುಮಾರು 6.2 ಜೂಲ್. ಅಂದರೆ ಜೇಬಿನಲ್ಲಿ ಹಿಡಿಸುವ 9 ಎಂಎಂ, ಅಜ್ಜನ ಕಾಲದ .45ಗಿಂತ ಜಾಸ್ತಿ ಒದೆಯುತ್ತದೆ! "ಹೆಂಗಸರಿಗೆ, ಹೊಸಬರಿಗೆ ಚಿಕ್ಕ ಗನ್ ಒಳ್ಳೆಯದು" ಎಂದು ಅಂಗಡಿಯವರು ಕೈಗಿಡುತ್ತಾರಲ್ಲ, ಅದರಷ್ಟು ಕೆಟ್ಟ ಸಲಹೆ ಈ ವಿಷಯದಲ್ಲಿ ಇನ್ನೊಂದಿಲ್ಲ.

ರಿವಾಲ್ವರ್‌ಗಳಲ್ಲಿ ಈ ಆಟ ಇನ್ನೂ ಚೆನ್ನಾಗಿ ಕಾಣುತ್ತದೆ. .357 ಮ್ಯಾಗ್ನಮ್ ರಿವಾಲ್ವರಿನಲ್ಲಿ .38 ಸ್ಪೆಷಲ್ ತೋಟೆಯನ್ನೂ ಹೊಡೆಯಬಹುದು. 1.1 ಕಿಲೋ ತೂಗುವ ಉಕ್ಕಿನ ರಿವಾಲ್ವರಿನಲ್ಲಿ .38 ಹಾಕಿದರೆ 3 ಜೂಲ್‌ಗಿಂತ ಕಡಿಮೆ. ಅದೇ ಗನ್‌ಗೆ .357 ಹಾಕಿದರೆ ಸುಮಾರು 9 ಜೂಲ್. ಅದೇ .357ನ್ನು 0.42 ಕಿಲೋ ತೂಗುವ ಹಗುರ ಲೋಹದ ಗಿಡ್ಡ ರಿವಾಲ್ವರಿಗೆ ಹಾಕಿದರೆ 18 ಜೂಲ್. ಅದನ್ನು ಸುಮ್ನೆ ಖುಷಿಗೆ ಎರಡನೇ ಸಲ ಹೊಡೆಯುವವರು ಕಡಿಮೆ.

ಊರಲ್ಲಿ ತೋಟೆಕೋವಿ ಹಿಡಿದು ಅಭ್ಯಾಸ ಇರುವವರು ಇಷ್ಟೇನಾ ಎಂದು ನಗಬಹುದು. 12 ಬೋರ್ ಕೋವಿಯ ಒದೆತ ಸುಲಭವಾಗಿ 25–30 ಜೂಲ್ ಮುಟ್ಟುತ್ತದೆ. ಆದರೆ ಅದನ್ನು ಭುಜ, ಇಡೀ ಮೈ ತಡೆದುಕೊಳ್ಳುತ್ತದೆ. ಹ್ಯಾಂಡ್‌ಗನ್‌ನದೆಲ್ಲ ಅಂಗೈ ಮತ್ತು ಮಣಿಕಟ್ಟಿನ ಮೇಲೆ. ಜೊತೆಗೆ ನಳಿಗೆ ಕೈಯಿಗಿಂತ ಮೇಲಿರುವುದರಿಂದ ಗನ್ ಹಿಂದೆ ಬರುವುದಷ್ಟೇ ಅಲ್ಲ, ಮೂತಿ ಮೇಲಕ್ಕೂ ಏಳುತ್ತದೆ. ಕೋವಿಯ ಜೂಲ್ ಮತ್ತು ಪಿಸ್ತೂಲಿನ ಜೂಲ್ ಹೋಲಿಸಬೇಡಿ.

ಲೆಕ್ಕಕ್ಕೆ ಸಿಗದ್ದು

ಜೂಲ್ ಒಂದೇ ಇದ್ದರೂ ಕೈಗೆ ಆಗುವ ಅನುಭವ ಬೇರೆ ಇರಬಹುದು. 115 ಗ್ರೇನ್ 9 ಎಂಎಂ ಚಟ್ ಎಂದು ಕೆನ್ನೆಗೆ ಬಾರಿಸಿದ ಹಾಗೆ, 147 ಗ್ರೇನ್ ನಿಧಾನಕ್ಕೆ ತಳ್ಳಿದ ಹಾಗೆ. ಪವರ್ ಫ್ಯಾಕ್ಟರಿನಲ್ಲಿ 147ರದ್ದೇ ಜಾಸ್ತಿ, ಆದರೂ ಬಹಳ ಜನ ಅದನ್ನೇ ಮೆತ್ತಗಿದೆ ಎನ್ನುತ್ತಾರೆ. ಅದರಲ್ಲಿ ಮದ್ದು ಕಡಿಮೆ, ಸದ್ದೂ ಕಡಿಮೆ. ಗುಂಡು ಶಬ್ದದ ವೇಗಕ್ಕಿಂತ ಕೆಳಗಿರುವುದರಿಂದ ಗಾಳಿ ಸೀಳುವ ಚಟಾರ್ ಸದ್ದು ಬರುವುದಿಲ್ಲ. ಸದ್ದಿಗೆ ಬೆಚ್ಚುವವರಿಗೆ ಇದು ದೊಡ್ಡ ವ್ಯತ್ಯಾಸ. ಸ್ಪರ್ಧೆಗೆ ಹೋಗುವವರು 147 ಗ್ರೇನ್ ಗುಂಡನ್ನೇ ಇನ್ನೂ ನಿಧಾನ ಮಾಡಿ ಪವರ್ ಫ್ಯಾಕ್ಟರನ್ನು 130ರ ಹತ್ತಿರ ಇಟ್ಟುಕೊಳ್ಳುತ್ತಾರೆ. ಆಗ ಅದು ನಿಜಕ್ಕೂ ಮೆತ್ತಗಾಗುತ್ತದೆ.

.380 ಇನ್ನೊಂದು ಬಲೆ. ಪಟ್ಟಿಯಲ್ಲಿ ಬರೀ 91. ಆದರೆ ವಾಲ್ಥರ್ ಪಿಪಿಕೆಯಂಥ ಹಳೆಯ ವಿನ್ಯಾಸದ ಗನ್‌ಗಳಲ್ಲಿ ನಳಿಗೆ ಚೌಕಟ್ಟಿಗೆ ಅಂಟಿಕೊಂಡೇ ಇರುತ್ತದೆ, ಹಿಂದೆ ಮುಂದೆ ಜಾರುವ ಮೇಲ್ಭಾಗದ (ಸ್ಲೈಡ್) ಭಾರ ಮತ್ತು ಸ್ಪ್ರಿಂಗ್ ಬಿಟ್ಟರೆ ಹಿಂದಕ್ಕೆ ಹಿಡಿಯುವುದು ಏನೂ ಇಲ್ಲ. ಒದೆತ ಚುರುಕ್ ಎನ್ನುತ್ತದೆ. ನಳಿಗೆ ಮತ್ತು ಸ್ಲೈಡ್ ಕ್ಷಣ ಹೊತ್ತು ಕೂಡಿಕೊಂಡು ಆಮೇಲೆ ಬಿಡುವ ವಿನ್ಯಾಸದಲ್ಲಿ ಅದೇ ತೋಟೆ ಬಲು ಸುಖ.

ಹಿಡಿಕೆಯೂ ಮುಖ್ಯ. ಕಿರುಬೆರಳಿಗೆ ಜಾಗ ಇಲ್ಲದ ಗನ್, ಅಂಗೈಗೆ ಚೂಪಾಗಿ ಒತ್ತುವ ಗನ್, ಯಾವ ಮೆದು ತೋಟೆ ಹಾಕಿದರೂ ಕಿರಿಕಿರಿಯೇ.

ನಾಲ್ಕನೇ ಹೆಜ್ಜೆ: ರೇಂಜ್‌ನಲ್ಲಿ

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ತೋಟೆ ಹೋಲಿಸುವುದಾದರೆ ಗನ್ ಅದೇ ಇರಲಿ. ಕ್ಯಾಲಿಬರ್ ಹೋಲಿಸುವುದಾದರೆ ಒಂದೇ ಮಾದರಿಯ ಎರಡು ಗನ್ ಹುಡುಕಿ. ಗ್ಲಾಕ್ 17 ಮತ್ತು ಗ್ಲಾಕ್ 22 ಒಳ್ಳೆಯ ಜೋಡಿ. ಒಂದೇ ಆಕಾರ, ಮೊದಲನೆಯದು 9 ಎಂಎಂ, ಎರಡನೆಯದು .40. ಲೆಕ್ಕದ ಪ್ರಕಾರ .40ರ ಒದೆತ ಸುಮಾರು ಒಂದೂವರೆ ಪಟ್ಟು. ಬಾಡಿಗೆಗೆ ಗನ್ ಕೊಡುವ ರೇಂಜ್‌ಗಳಲ್ಲಿ ಎರಡೂ ಸಿಗುವುದು ಸುಲಭ.

ಎರಡು ಕ್ಯಾಲಿಬರಿನ ತೋಟೆಗಳನ್ನು ಒಂದೇ ಮೇಜಿನ ಮೇಲೆ ಹರಡಬೇಡಿ. 9 ಎಂಎಂ ತೋಟೆ .40ರ ಗನ್ ಒಳಗೆ ಹೋಗಿ ಕೂರುತ್ತದೆ, ಕೆಲವೊಮ್ಮೆ ಹಾರುತ್ತದೆ ಕೂಡ. ಒಂದು ಗನ್ ಮುಗಿಸಿ, ಖಾಲಿ ಮಾಡಿ, ಅದರ ಡಬ್ಬಿ ಮುಚ್ಚಿ ಬ್ಯಾಗಿಗೆ ಹಾಕಿದ ಮೇಲೆ ಮುಂದಿನದನ್ನು ತೆಗೆಯಿರಿ. ರಿವಾಲ್ವರಿನಲ್ಲಿ ಮೊದಲು .357, ಆಮೇಲೆ .38 ಹೊಡೆಯಿರಿ. ಗಿಡ್ಡ ತೋಟೆ ಜಾಸ್ತಿ ಹೊಡೆದರೆ ಒಳಗೆ ಮಸಿಯ ಉಂಗುರ ಕಟ್ಟುತ್ತದೆ, ಉದ್ದನೆಯದು ಆಮೇಲೆ ಸಲೀಸಾಗಿ ಕೂರುವುದಿಲ್ಲ.

ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಕಡ್ಡಾಯ. ಗೋಡೆಯೊಳಗಿನ ರೇಂಜ್ ಆದರೆ ಕಿವಿಯೊಳಗೆ ಪ್ಲಗ್, ಮೇಲೆ ಮಫ್ ಎರಡೂ ಹಾಕಿ. ಸದ್ದು ಕಡಿಮೆಯಾದರೆ ಒದೆತವೂ ಕಡಿಮೆಯಾದಂತೆ ಅನ್ನಿಸುತ್ತದೆ, ಮಾಡಿ ನೋಡಿ. ಬೆರಳು ಟ್ರಿಗರ್‌ನಿಂದ ಹೊರಗೆ, ಮೂತಿ ಯಾವಾಗಲೂ ಗುರಿಯ ಕಡೆಗೆ.

ಒದೆತ ಗಮನಿಸುವ ಅಭ್ಯಾಸದಿಂದ ಜೀವ ಉಳಿಯುವ ಸಂದರ್ಭವೂ ಇದೆ. ಎಂದಿನ ಢಂ ಬದಲು ಟುಸ್ ಎಂದು, ಒದೆತ ಇಲ್ಲದೆ ಹೋದರೆ ಅಲ್ಲೇ ನಿಲ್ಲಿಸಿ. ಮದ್ದು ಸರಿಯಾಗಿ ಉರಿಯದೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಒಡೆಯುತ್ತದೆ. ಮೂತಿ ಗುರಿಯ ಕಡೆಗೇ ಇಟ್ಟು, ರೇಂಜ್ ಅಧಿಕಾರಿಯನ್ನು ಕರೆಯಿರಿ. ಟ್ರಿಗರ್ ಎಳೆದರೂ ಏನೂ ಆಗದಿದ್ದರೆ, ಅದೇ ಥರ ಹಿಡಿದು 30 ಸೆಕೆಂಡು ಕಾಯಿರಿ. ತಡವಾಗಿ ಹಾರುವ ತೋಟೆಗಳೂ ಇರುತ್ತವೆ.

ಐದನೇ ಹೆಜ್ಜೆ: ನೀವು ಬೆಚ್ಚುತ್ತೀರಾ?

ಗುರಿ ಅಳೆಯುವ ಮೊದಲು ಇದನ್ನು ಮಾಡಿ, ಇಲ್ಲದಿದ್ದರೆ ಮುಂದಿನ ಅಳತೆಗೆಲ್ಲ ಅರ್ಥವಿಲ್ಲ. ಡಮ್ಮಿ ತೋಟೆ ಅಂತ ಸಿಗುತ್ತದೆ, ಬಣ್ಣದ ಪ್ಲಾಸ್ಟಿಕ್ಕಿನದು, ಮದ್ದಿಲ್ಲದ್ದು. ನಿಮ್ಮ ಜೊತೆಗಿರುವವರಿಗೆ ಗನ್‌ನ ಮ್ಯಾಗಜೀನ್, ಅಂದರೆ ತೋಟೆ ತುಂಬುವ ಡಬ್ಬಿ, ಕೊಟ್ಟು, ನಿಜವಾದ ತೋಟೆಗಳ ನಡುವೆ ಒಂದೆರಡು ಡಮ್ಮಿ ಸೇರಿಸಲು ಹೇಳಿ. ಎಲ್ಲಿ ಸೇರಿಸಿದ್ದಾರೆಂದು ನಿಮಗೆ ಗೊತ್ತಾಗಬಾರದು. ಡಮ್ಮಿ ಬಂದಾಗ ಗನ್ ಮೂತಿ ಅಲುಗದೆ ನಿಂತರೆ ಸರಿ. ಕೆಳಗೆ ಬಾಗಿದರೆ, ಒದೆತ ಬರುವ ಮೊದಲೇ ನೀವು ಅದನ್ನು ಒತ್ತಿ ಹಿಡಿಯಲು ಹೋಗುತ್ತಿದ್ದೀರಿ. ಬಲಗೈಯವರ ಗುಂಡುಗಳು ಎಡಕ್ಕೆ ಕೆಳಗೆ ಬೀಳುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಪ್ರತಿ ಕ್ಯಾಲಿಬರಿನಲ್ಲೂ ಇದನ್ನು ಮಾಡಿ ನೋಡಿ. 9 ಎಂಎಂನಲ್ಲಿ ಅಲುಗದ ಕೈ .357ರಲ್ಲಿ ಅಲುಗಬಹುದು. ಎಲ್ಲಿ ಅಲುಗಲು ಶುರುವಾಗುತ್ತದೋ ಅದು ಇವತ್ತಿನ ಮಟ್ಟಿಗೆ ನಿಮ್ಮ ಮಿತಿ. .22ಕ್ಕೆ ಇಳಿದು ಅಭ್ಯಾಸ ಮಾಡಿ ಮತ್ತೆ ಮೇಲೆ ಬನ್ನಿ. 1 ಕಿಲೋ ಗನ್‌ನಲ್ಲಿ .22ರ ಒದೆತ ಅರ್ಧ ಜೂಲ್ ಕೂಡ ಇಲ್ಲ. ತಪ್ಪಾದರೆ ಒದೆತದ ಮೇಲೆ ಹೊರಿಸಲು ಬರುವುದಿಲ್ಲ.

ಆರನೇ ಹೆಜ್ಜೆ: ಗುಂಪು ಅಳೆಯಿರಿ

ಈಗ ತೋಟೆಯ ನಿಖರತೆ. ಮೇಜಿನ ಮೇಲೆ ಮರಳು ಚೀಲ ಇಟ್ಟು, ಕೈಗಳನ್ನು ಅದರ ಮೇಲೆ ಊರಿ ಕೂತು ಹೊಡೆಯಿರಿ. ದೂರ 25 ಗಜ, ಅಂದರೆ ಸುಮಾರು 23 ಮೀಟರ್. ಕಣ್ಣಿಗೆ ಕಷ್ಟವಾದರೆ 15 ಗಜವೂ ಆದೀತು, ಎಲ್ಲ ತೋಟೆಗೂ ಅದೇ ದೂರ ಇರಬೇಕು ಅಷ್ಟೇ. ಐದು ಗುಂಡು ಹೊಡೆದು, ಅತಿ ದೂರದ ಎರಡು ತೂತುಗಳ ನಡುವಿನ ಅಂತರ ಅಳೆಯಿರಿ. ತೂತಿನ ಮಧ್ಯದಿಂದ ಮಧ್ಯಕ್ಕೆ. ಇದೇ ಗುಂಪು.

ಒಂದು ಗುಂಪು ನೋಡಿ ಏನನ್ನೂ ಹೇಳಬೇಡಿ. ಒಂದೊಂದು ತೋಟೆಗೂ ಐದು ಗುಂಡಿನ ನಾಲ್ಕೈದು ಗುಂಪಾದರೂ ಬೇಕು, ಅವುಗಳ ಸರಾಸರಿ ಬರೆದುಕೊಳ್ಳಿ. ತೋಟೆಗಳನ್ನು ಅದಲು ಬದಲು ಮಾಡಿ ಹೊಡೆಯಿರಿ. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಎರಡನೆಯದಕ್ಕೆ ಕೈ ಸೋತಿರುತ್ತದೆ. ಐದು ಗುಂಡಿನ ಗುಂಪನ್ನು ಹತ್ತು ಗುಂಡಿನ ಗುಂಪಿನ ಜೊತೆ ಹೋಲಿಸಲೂಬಾರದು. ಅದೇ ಗನ್, ಅದೇ ತೋಟೆಯಲ್ಲೂ ಹತ್ತರ ಗುಂಪು ಸರಾಸರಿಯಲ್ಲಿ ಸುಮಾರು ಕಾಲು ಭಾಗ ದೊಡ್ಡದಾಗಿರುತ್ತದೆ. "ನನ್ನ ಗನ್ ಒಂದು ಇಂಚು ಹೊಡೆಯುತ್ತದೆ" ಎಂದು ಫೋಟೋ ಹಾಕುವವರಲ್ಲಿ ಬಹಳ ಜನ ಮೂರು ಗುಂಡು ಹೊಡೆದು, ಇದ್ದುದರಲ್ಲಿ ಚೆನ್ನಾಗಿ ಬಿದ್ದದ್ದನ್ನು ತೋರಿಸುತ್ತಾರೆ.

ಪೊಲೀಸರು, ಸೈನಿಕರು ಬಳಸುವಂಥ ಮಾಮೂಲಿ ಸರ್ವಿಸ್ ಪಿಸ್ತೂಲು, ಮಾಮೂಲಿ ಅಭ್ಯಾಸದ ತೋಟೆ, 25 ಗಜ: ಗುಂಪು 6ರಿಂದ 10 ಸೆಂ.ಮೀ. ಬಂದರೆ ಗನ್ ಬಗ್ಗೆ ದೂರುವಂಥದ್ದೇನಿಲ್ಲ. ಒಂದೇ ಗನ್‌ನಲ್ಲಿ ಒಂದು ಕಂಪನಿಯ 124 ಚೆನ್ನಾಗಿ ಹೋಗಿ ಇನ್ನೊಂದು ಕಂಪನಿಯ 124 ಚೆದುರಬಹುದು. ಕಾರಣ ಹುಡುಕುವುದಕ್ಕಿಂತ ಎರಡು ಮೂರು ಬಗೆ ಕೊಂಡು ನೋಡುವುದೇ ಸುಲಭ.

ಕ್ರೊನೋಗ್ರಾಫ್ ಇಟ್ಟುಕೊಂಡವರು ಗುಂಡಿನಿಂದ ಗುಂಡಿಗೆ ವೇಗ ಬದಲಾಗುತ್ತದೆ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ರೈಫಲಿನಲ್ಲಿ ದೂರಕ್ಕೆ ಅದು ಸರಿ. 25 ಗಜದಲ್ಲಿ 50 ಅಡಿ ವೇಗದ ವ್ಯತ್ಯಾಸದಿಂದ ಗುಂಡು ಇಳಿಯುವುದರಲ್ಲಿ ಆಗುವ ಬದಲಾವಣೆ ಒಂದೆರಡು ಮಿಲಿಮೀಟರ್. ಇದರ ಪಕ್ಕಕ್ಕೆ ಸೈಟ್ ತಪ್ಪನ್ನು ಇಟ್ಟು ನೋಡಿ. ಸೈಟ್ ಅಂದರೆ ಗುರಿ ಹಿಡಿಯಲು ಗನ್ ಮೇಲಿರುವ ಗುರುತು. ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ 160 ಮಿ.ಮೀ. ಅಂತರ ಇದೆ ಎನ್ನಿ. ಟ್ರಿಗರ್ ಎಳೆಯುವಾಗ ಮುಂದಿನ ಸೈಟ್ ಒಂದೇ ಒಂದು ಮಿಲಿಮೀಟರ್ ಸರಿದರೆ 25 ಮೀಟರಿನಲ್ಲಿ ಗುಂಡು 15 ಸೆಂ.ಮೀ.ಗಿಂತ ಜಾಸ್ತಿ ಸರಿಯುತ್ತದೆ. ತೋಟೆ ಬದಲಿಸಿ ಉಳಿಸುವ ಎರಡು ಸೆಂಟಿಮೀಟರ್ ಇದರ ಮುಂದೆ ಎಲ್ಲಿ? ಸ್ಪರ್ಧೆಗೆಂದೇ ಮಾಡಿದ ದುಬಾರಿ ಮ್ಯಾಚ್ ತೋಟೆಗೆ ಹಾಕುವ ದುಡ್ಡಿನಲ್ಲಿ ಅಗ್ಗದ ತೋಟೆ ಎರಡು ಡಬ್ಬಿ ಜಾಸ್ತಿ ಹೊಡೆಯುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ವಿಚಿತ್ರ ಕಾಣಬಹುದು. ಭಾರದ, ನಿಧಾನದ ಗುಂಡು ಗುರಿ ಕಾಗದದಲ್ಲಿ ಮೇಲೆ ಬೀಳುತ್ತದೆ, ಹಗುರದ ವೇಗದ ಗುಂಡು ಕೆಳಗೆ. ಉಲ್ಟಾ ಆಗಬೇಕಿತ್ತಲ್ಲ ಅನ್ನಿಸುತ್ತದೆ ಅಲ್ವಾ? ಗುಂಡು ನಳಿಗೆಯೊಳಗೆ ಇರುವಾಗಲೇ ಗನ್ ಮೂತಿ ಮೇಲೇಳಲು ಶುರುವಾಗಿರುತ್ತದೆ. ನಿಧಾನದ ಗುಂಡು ಹೆಚ್ಚು ಹೊತ್ತು ಒಳಗಿರುತ್ತದೆ, ಹೊರಬರುವಾಗ ಮೂತಿ ಜಾಸ್ತಿ ಮೇಲಿರುತ್ತದೆ. ರಿವಾಲ್ವರ್‌ಗಳಲ್ಲಿ ಇದು ಎದ್ದು ಕಾಣುತ್ತದೆ. ತೋಟೆ ನಿಖರವಿಲ್ಲ ಎಂದು ಬಿಡಬೇಡಿ. ಗುಂಪು ಚಿಕ್ಕದಿದ್ದರೆ ತೋಟೆ ಸರಿ ಇದೆ, ಸೈಟ್ ಹೊಂದಿಸಿಕೊಂಡರೆ ಮುಗಿಯಿತು.

ಏಳನೇ ಹೆಜ್ಜೆ: ಟೈಮರ್

ಒದೆತದ ನಿಜವಾದ ಬೆಲೆ ಗೊತ್ತಾಗುವುದು ಎರಡನೇ ಗುಂಡಿನಲ್ಲಿ. ಒಂದೊಂದೇ ನಿಧಾನಕ್ಕೆ ಹೊಡೆದರೆ .45ರಲ್ಲೂ 9 ಎಂಎಂನಷ್ಟೇ ಚೆಂದದ ಗುಂಪು ಬರುತ್ತದೆ. ಕೆಲವರಿಗೆ ಇನ್ನೂ ಚೆನ್ನಾಗಿಯೇ ಬರುತ್ತದೆ, 1911ರ ಟ್ರಿಗರ್ ಅಷ್ಟು ಹಗುರ, ನೇರ. ಬೇಗ ಬೇಗ ಹೊಡೆಯಬೇಕಾದಾಗ ಚಿತ್ರ ಬದಲಾಗುತ್ತದೆ.

7 ಗಜದಲ್ಲಿ 15 ಸೆಂ.ಮೀ. ವೃತ್ತ ಅಂಟಿಸಿ. ಶಾಟ್ ಟೈಮರ್ ಇಟ್ಟು ಆರು ಗುಂಡು ಹೊಡೆಯಿರಿ. ಆರೂ ವೃತ್ತದೊಳಗೆ ಬೀಳಬೇಕು, ಹಾಗೆ ಬೀಳುವಷ್ಟು ವೇಗದಲ್ಲಿ ಮಾತ್ರ ಹೊಡೆಯಬೇಕು. ಗುಂಡಿನಿಂದ ಗುಂಡಿಗೆ ಎಷ್ಟು ಸಮಯ ಆಯಿತೆಂದು ಟೈಮರ್ ತೋರಿಸುತ್ತದೆ. 9 ಎಂಎಂನ ಸಮಯ, .40ರ ಸಮಯ ಪಕ್ಕಪಕ್ಕ ಬರೆಯಿರಿ. ಆ ವ್ಯತ್ಯಾಸವೇ ನಿಮ್ಮ ಕೈಯಲ್ಲಿ ಒದೆತ ಕೇಳುವ ಸುಂಕ. ಒಳ್ಳೆ ಪಳಗಿದವರಲ್ಲಿ ಅದು ತೀರ ಸಣ್ಣದಿರುತ್ತದೆ. ಹೊಸಬರಲ್ಲಿ ದೊಡ್ಡದು. ಎಷ್ಟೋ ಗೋಡೆಯೊಳಗಿನ ರೇಂಜ್‌ಗಳಲ್ಲಿ ಬೇಗ ಹೊಡೆಯಲು ಬಿಡುವುದಿಲ್ಲ, ಮೊದಲೇ ಕೇಳಿಕೊಳ್ಳಿ.

ಭಾರತದಲ್ಲಿ ಇದ್ದರೆ?

ಇಲ್ಲಿ ಆಯ್ಕೆ ಚಿಕ್ಕದು. 9 ಎಂಎಂ, .38, .45 ನಿಷೇಧಿತ ಬೋರ್ (ಅಂದರೆ ಕ್ಯಾಲಿಬರ್) ಪಟ್ಟಿಯಲ್ಲಿವೆ, ಮಾಮೂಲಿ ಪರವಾನಗಿಗೆ ಸಿಗುವುದಿಲ್ಲ. ಜನರ ಹತ್ತಿರ ಇರುವುದು ಹೆಚ್ಚಾಗಿ .32. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಹಳೆಯ ಪರಿಚಯ. 2014ರಲ್ಲಿ ಕಾನ್ಪುರದಿಂದಲೇ ನಿರ್ಭೀಕ್ ಎಂಬ 500 ಗ್ರಾಂ ತೂಕದ ಹಗುರ ರಿವಾಲ್ವರ್ ಬಂತು. ಅದೇ .32 ತೋಟೆ ಹಗುರ ಗನ್‌ನಲ್ಲಿ ಜಾಸ್ತಿ ಒದೆಯುತ್ತದೆ ಎಂಬ ಲೆಕ್ಕ ಇಲ್ಲೂ ಅಷ್ಟೇ ನಿಜ. ಆದರೆ ರಿವಾಲ್ವರಿಗೆ ಹಾಕುವ .32 ಲಾಂಗ್ ತೋಟೆಯೇ ಮೆದು. 98 ಗ್ರೇನ್, ಸುಮಾರು 700 ಅಡಿ. ಪವರ್ ಫ್ಯಾಕ್ಟರ್ 70ರ ಒಳಗೆ.

ಮೆದು ಎಂದು ಅದನ್ನು ಕಡೆಗಣಿಸಬೇಡಿ. ಅಂತರರಾಷ್ಟ್ರೀಯ 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಗುಂಡಿನ ದಪ್ಪ 7.62ರಿಂದ 9.65 ಮಿ.ಮೀ. ವರೆಗೆ ಇರಬಹುದು. ಅಲ್ಲಿ ಬಹಳ ಕಾಲದಿಂದ ಶೂಟರ್‌ಗಳು ಇಷ್ಟಪಟ್ಟು ಬಳಸುವುದು ಇದೇ .32 ಲಾಂಗ್‌ನ ವಾಡ್‌ಕಟರ್, ಮುಂಭಾಗ ಚಪ್ಪಟೆ ಇರುವ ಗುಂಡು. ಕಾಗದದಲ್ಲಿ ಗುಂಡಗೆ ಕತ್ತರಿಸಿದಂತೆ ತೂತು ಮಾಡುತ್ತದೆ. ಆ ಸ್ಪರ್ಧೆಯ ನಿಧಾನ ಸುತ್ತಿನ ಗುರಿಯಲ್ಲಿ ಹತ್ತರ ವೃತ್ತ 50 ಮಿ.ಮೀ. ಅಗಲ. 25 ಮೀಟರಿನಿಂದ, ಒಂದೇ ಕೈಯಲ್ಲಿ, ನಿಂತು. ಅಷ್ಟು ಕಠಿಣ ಗುರಿಗೆ ಅಷ್ಟು ಮೆದು ತೋಟೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ ಬೆಳ್ಳಿ ಗೆದ್ದದ್ದು .22ರಲ್ಲಿ. ಕ್ರೀಡೆಯಾಗಿ ಕಲಿಯುವ ಆಸೆ ಇದ್ದರೆ ರೈಫಲ್ ಕ್ಲಬ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನಿಂದ ಶುರುಮಾಡಿ, .22 ಆಮೇಲೆ.

ಮನೆಗೆ ಹೊರಡುವ ಮೊದಲು

ಕೈ ಮುಖವನ್ನು ತಣ್ಣೀರು, ಸೋಪಿನಿಂದ ತೊಳೆಯಿರಿ. ತೋಟೆಯಲ್ಲಿ ಸೀಸ ಇರುತ್ತದೆ, ಅದು ಕೈಗೂ ಬಟ್ಟೆಗೂ ಅಂಟುತ್ತದೆ. ತೊಳೆಯದೆ ಏನೂ ತಿನ್ನಬೇಡಿ. ಆ ಬಟ್ಟೆಯನ್ನು ಮಕ್ಕಳ ಬಟ್ಟೆ ಜೊತೆ ಒಗೆಯಲು ಹಾಕಬೇಡಿ.

ಗುರಿ ಕಾಗದದ ಮೇಲೆ ದಿನಾಂಕ, ಗನ್, ತೋಟೆಯ ಕಂಪನಿ, ಗ್ರೇನ್, ದೂರ, ಗುಂಪಿನ ಅಳತೆ ಬರೆದು ಫೋಟೋ ತೆಗೆದಿಡಿ. ಮುಂದಿನ ಸಲ ಹೋಲಿಸಲು ಬೇಕಾಗುತ್ತದೆ.

ರೇಂಜ್‌ಗೆಂದೇ ಒಂದು ಬೇರೆ ಬ್ಯಾಗ್ ಇಟ್ಟುಕೊಳ್ಳಿ. ಊರಿಗೆ ಹೋಗುವಾಗ ವಿಮಾನಕ್ಕೆ ಒಯ್ಯುವ ಬ್ಯಾಗನ್ನು ರೇಂಜ್‌ಗೆ ತರಲೇಬೇಡಿ. ತಳದ ಜೇಬಿನಲ್ಲಿ ಮರೆತ ಒಂದೇ ಒಂದು ತೋಟೆ ಸಾಕು, ಭಾರತದ ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳುತ್ತದೆ. ಗೊತ್ತಿಲ್ಲದೆ ಉಳಿದಿತ್ತು ಎಂದು ಸಾಬೀತು ಮಾಡುವಷ್ಟರಲ್ಲಿ ರಜೆಯೆಲ್ಲ ಮುಗಿದಿರುತ್ತದೆ. ನೆನಪಿಗೆಂದು ಜೇಬಿಗೆ ಹಾಕಿಕೊಂಡ ಖಾಲಿ ತೋಟೆಯನ್ನೂ ತೆಗೆದಿಟ್ಟು ಬನ್ನಿ.